ತೋಡಿನ ಫಾರ್ಮು

ಫಾರ್ಮಿನಲ್ಲಿ ಏಳು ಕಾಲಂ. ಮೊದಲನೆಯದು ತೋಡಿನ ಹೆಸರು.
ಪಂಚಾಯತಿನ ಚೀಲ, ಒಂದು ಟೇಪು, ಎರಡು ಪೆನ್ನು,
ದಿನಕ್ಕೆ ಇಷ್ಟೆಂದು ಕೂಲಿ. ಬೊಳುಂಬು ಪದವಿನ ನೆತ್ತಿಯಲ್ಲಿ ಕೇಳಿದೆ:
ದೂಮಣ್ಣ, ಇದರ ಹೆಸರೇನು?

ಯಾವ ಜಾಗದ್ದು ಬೇಕು, ಎಂದರು ಮಣಿಯಾಣಿ.
ಇಲ್ಲಿ ಹೆಸರಿಲ್ಲ, ಇಲ್ಲಿ ಇದಿನ್ನೂ ಒರತೆ.
ಆ ಕುಂಟಲ ಮರದ ಬುಡದಲ್ಲಿ ಎಮ್ಮೆಗುಂಡಿ
(ಒಂದು ಎಮ್ಮೆ, ನನ್ನಜ್ಜನದು, ಒಂದು ಆಟಿಯಲ್ಲಿ).
ಬನದ ಒಳಗೆ ನಾಗತೋಡು, ಉಗುಳಬಾರದು.
ಬನ ದಾಟಿದರೆ ಉಗುಳಬಹುದು, ಅಲ್ಲಿಂದ ಅದ್ರಾಮನ ತೋಡು.
ಅದ್ರಾಮ ಜಾಗ ಮಾರಿ ಹೋಗಿ ನಲವತ್ತು ವರ್ಷ.
ಜಾಗ ಈಗ ಡಿಸೋಜರದ್ದು.
ಹೆಸರು ಮಾತ್ರ ರಿಜಿಸ್ಟ್ರಿ ಆಗಲಿಲ್ಲ.

ಉದ್ದ, ಅಗಲ. ಮಳೆಗಾಲದ್ದೋ ಬೇಸಿಗೆಯದ್ದೋ ಹೇಳಿಲ್ಲ.
ಟೇಪಿನ ತುದಿ ಹಿಡಿದು ದೂಮಣ್ಣ ಆಚೆ ದಾಟಿದರು,
ಪಂಚೆ ಎತ್ತದೆ, ಒಂದೇ ಹೆಜ್ಜೆಗೆ.

ಉಗಮ?
ಚಪ್ಪಲಿ ಕಳಚಿ ಪಾರೆಯ ಮೇಲೆ ಹಿಮ್ಮಡಿ ಬಡಿದರು.
ಒಳಗೆಲ್ಲೋ ಟೊಳ್ಳು, ದುಡಿಯ ಹಾಗೆ, ತಿರುಗಿ ಕೂಗಿತು.
ಕೇಳಿತಾ? ಬರಿ.
ಮುರಕಲ್ಲಿನ ತೂತುತೂತಿನಲ್ಲಿ ಜೂನಿನ ನೀರು
ತಿಂಗಳುಗಟ್ಟಲೆ ಕೂತಿರುತ್ತದೆ,
ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ.

ಮಣ್ಣು ಬೆರಳಿನ ದಪ್ಪ ಇಲ್ಲ. ಅಷ್ಟರಲ್ಲೇ ಸಂಸಾರ:
ಮುಳಿಹುಲ್ಲು; ನೆಲಕ್ಕಂಟಿದ ಕೆಂಪು ಗಿಡ, ಎಲೆಯಲ್ಲಿ ಅಂಟು,
ನುಸಿ ಕೂತರೆ ಮೆಲ್ಲನೆ ಮಡಚಿಕೊಳ್ಳುತ್ತದೆ;
ಮತ್ತೆ ನೀಲಿ, ಕಣ್ಣು ಹಾಯುವಷ್ಟು ದೂರ,
ಗಂಟಿಗಿಂತ ಕೆಳಗಿನ ನೀಲಿ.
ಓಣಂಗೆ ಮಕ್ಕಳು ಚೀಲ ತುಂಬುವ ಈ ಹೂವಿಗೆ
ಮಲಯಾಳದಲ್ಲಿ ಕಾಗೆಯ ಹೆಸರಿದೆ.
ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ.
ಅಮ್ಮ ಗಲ್ಲ ಎತ್ತಿ ಈ ದಿಕ್ಕಿಗೆ ತೋರಿಸಿ
ಅದು ಅರಳಿದೆ, ಎನ್ನುತ್ತಿದ್ದಳು,
ಇನ್ನು ಬಟ್ಟೆ ಹೊರಗೆ ಹಾಕಬಹುದು.

ಹರಿಯುವ ತಿಂಗಳುಗಳು, ಎಂದು ಓದಿದೆ.
ದೂಮಣ್ಣ ಸುಮ್ಮನಾದರು.
ಪಡುವಣಕ್ಕೆ ಕಲ್ಲಿನ ಕೋರೆ. ಗರಗಸದ ಮೆಷಿನು
ಪದವನ್ನು ಹಲ್ವದ ಹಾಗೆ ಚೌಕಚೌಕ ಕೊಯ್ಯುತ್ತಿತ್ತು.
ಮೂವತ್ತಡಿ ಗುಂಡಿಯಲ್ಲಿ ಹಸಿರು ನೀರು,
ಎಲ್ಲಿಗೂ ಹೋಗದ್ದು.
ಮೊದಲು ಸುಗ್ಗಿಯಲ್ಲೂ ಇತ್ತು, ಎಂದರು ಕಡೆಗೆ.
ಕಟ್ಟ ಹಾಕಲು ಹದಿನಾರು ಮನೆಯವರು ಬರುತ್ತಿದ್ದೆವು,
ಮಣ್ಣು ತುಳಿಯಲು, ಸೊಪ್ಪು ಹಾಸಲು, ಜಗಳಕ್ಕೆ.
ಹೋದ ವರ್ಷ ನಾಲ್ಕೇ ಜನ. ಹದಿನೆಂಟನೆಯ ದಿನಕ್ಕೆ
ಕಟ್ಟದ ಎರಡೂ ಬದಿ ಒಂದೇ ಥರ ಒಣಗಿತ್ತು.
ಕೋರೆಯಲ್ಲಿ ಲಾರಿಗೆ ಚೀಟಿ ಬರೆಯುವವನು ನನ್ನ ಮಗನೇ.
ಅದನ್ನೂ ಬರಿ, ಕಾಲಂ ಇದ್ದರೆ.

ಸೇರುವ ಸ್ಥಳ: ಶಿರಿಯ ಹೊಳೆ, ಎಂದು ಮುಗಿಸಬಹುದಿತ್ತು.
ಕಾಲು ಕೇಳಲಿಲ್ಲ. ಬಸ್ಸು ಹಿಡಿದು ಅಳಿವೆಗೆ ಇಳಿದೆ.
ಅಲ್ಲಿ ಅವ್ವಮ್ಮ ಸೊಂಟದ ನೀರಿನಲ್ಲಿ ನಿಂತು
ಹೆಬ್ಬೆರಳಿನಿಂದ ಮರುವಾಯಿ ಹುಡುಕುತ್ತಿದ್ದಳು.
ಮೇಲಿಂದ ಬಂದದ್ದಾ? ಮೇಲೆ ಮಳೆಯಾ?
ಇಲ್ಲ ಎಂದೆ.
ಗೊತ್ತು, ತುಲಾಂ ಮುಗಿಯುವ ಮೊದಲೇ ಉಪ್ಪು ಹತ್ತಿದೆ,
ಚಿಪ್ಪು ದಪ್ಪ, ಒಳಗೆ ಇಷ್ಟೇ,
ಎಂದು ಕಿರುಬೆರಳಿನ ಉಗುರು ತೋರಿಸಿದಳು.
ಬೊಳುಂಬು ಪದವು ಅವಳು ನೋಡಿಲ್ಲ. ಕೇಳಿಯೂ ಇಲ್ಲ.

ರಾತ್ರಿ ಕೂತು ಬರೆದೆ. ಮೊದಲ ಕಾಲಮಿನಲ್ಲಿ ಎಲ್ಲ ಹೆಸರೂ,
ಒರತೆಯಿಂದ ಅದ್ರಾಮನವರೆಗೆ;
ಜಾಗ ಸಾಲದೆ ಅಕ್ಷರ ಗೆರೆ ದಾಟಿ,
ಅಂಚಿನಲ್ಲಿ ಬಳುಕಿ, ಹಾಳೆಯ ಬದಿಯಲ್ಲೇ ಕೆಳಗಿಳಿದು
ಷರಾ ಎಂಬಲ್ಲಿ ಬಂದು ನಿಂತಿತು.

ಎಷ್ಟು ತೋಡು ಇದು? ಕೇಳಿದಳು ಆಫೀಸಿನ ಸುನೀತಿ.
ಒಂದೇ.
ಕಂಪ್ಯೂಟರು ಇಪ್ಪತ್ತು ಅಕ್ಷರ ಮಾತ್ರ ತಿನ್ನುತ್ತದೆ, ಎಂದಳು,
ಬೆರಳಿಟ್ಟು ಮೇಲಿಂದ ಕೆಳಗೆ ಹುಡುಕಿದಳು.
ಎಮ್ಮೆಗುಂಡಿ ಸಾಕು. ಚಿಕ್ಕದು.