ಹತ್ತು ಸೆಕೆಂಡು

ವಿನಿಪೆಗ್‌ನಲ್ಲಿ ಜನವರಿಯ ಮಂಗಳವಾರ,
ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಅಗ್ನಿಶಾಮಕ ಠಾಣೆಯ ಮಾಳಿಗೆಯಲ್ಲಿ
ಊಟದ ಮೇಜನ್ನು ಗೋಡೆಗೊರಗಿಸಿ
ಹನ್ನೆರಡು ಕುರ್ಚಿ, ದುಂಡಗೆ.
ಮೇಲಿನಿಂದ ಬಂದ ಸುತ್ತೋಲೆ: ಆರು ವಾರ, ವಾರಕ್ಕೊಂದು ತಾಸು,
ಸಂಬಳ ಸಹಿತ ಸುಮ್ಮನೆ ಕೂರುವುದು.
"ಇದಕ್ಕೂ ಓವರ್‌ಟೈಮ್ ಇದೆಯಾ?" ಅಂದ ರೊಡೇಲಿಯೊ.
ನಕ್ಕೆವು. ನಗಲು ನಮಗೆ ತರಬೇತಿ ಬೇಕಿರಲಿಲ್ಲ.

ಕಲಿಸಲು ಬಂದವಳು ಥೋರಾ,
ಗಿಮ್ಲಿ ಕಡೆಯವಳು, ಮೀನುಗಾರರ ಮನೆತನ,
ಉಣ್ಣೆಯ ಕಾಲುಚೀಲದಲ್ಲಿ ಒಂದು ತೂತು,
ಕೈಯಲ್ಲಿ ಹಿತ್ತಾಳೆಯ ಪುಟ್ಟ ಗಂಟೆ.
"ಗಂಟೆ ಕೇಳಿದೊಡನೆ," ಅಂದಳು, "ಒಳಗೆ ಇಳಿಯಿರಿ."
ಬಾರಿಸಿದಳು.
ಹನ್ನೊಂದು ಜನವೂ ಎದ್ದು ನಿಂತಿದ್ದೆವು.
ಇಬ್ಬರು ಆಗಲೇ ಬಾಗಿಲಲ್ಲಿ.
ಪ್ರಿಸ್ತುಪನ ಕುರ್ಚಿ ಇನ್ನೂ ಬೀಳುತ್ತಲೇ ಇತ್ತು.

ಆಕೆ ಗಂಟೆಯನ್ನು ಚೀಲದೊಳಗಿಟ್ಟಳು,
ಮತ್ತೆಂದೂ ತೆಗೆಯಲಿಲ್ಲ.

"ಸರಿ. ಉಸಿರು ನೋಡಿ, ಅಷ್ಟೇ.
ತಿದ್ದಬೇಡಿ, ಹಿಡಿಯಬೇಡಿ,
ಬರುವುದು ಬರಲಿ, ಹೋಗುವುದು ಹೋಗಲಿ."

ಹೋಗುವುದು ಹೋಗಲಿ ಎಂದು
ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಉಸಿರು ನೋಡುವುದೇ ನಮ್ಮ ಕಸುಬು, ಥೋರಾ.
ನೋಡು, ಹೀಗೆ: ಮಂಡಿಯೂರಿ,
ಕೆನ್ನೆಯನ್ನು ಅವರ ಬಾಯಿಯ ಹತ್ತಿರ ತಂದು,
ಕಣ್ಣು ಎದೆಯ ಮೇಲಿಟ್ಟು,
ಹತ್ತು ಸೆಕೆಂಡು. ಅದಕ್ಕಿಂತ ಹೆಚ್ಚಿಲ್ಲ.
ಏರಿತೇ? ಕೇಳಿತೇ? ತಾಗಿತೇ?
ಬಸ್ ನಿಲ್ದಾಣದ ಗಾಜಿಗೆ ಒರಗಿದ ಮುದುಕನ
ಮೀಸೆಯ ಮೇಲೆ ಹಿಮ ಕರಗದೆ ಕೂತಿದ್ದರೆ
ಎಣಿಸುವ ಮೊದಲೇ ಉತ್ತರ ಗೊತ್ತು.
ಆದರೂ ಎಣಿಸುತ್ತೇವೆ.
ಹದಿನಾರು ವರ್ಷದಲ್ಲಿ ನಾನು
ಊರಿನ ಅರ್ಧ ಉಸಿರು ಎಣಿಸಿರಬೇಕು.
ನನ್ನದು ಲೆಕ್ಕದ ಪುಸ್ತಕದಲ್ಲೇ ಇಲ್ಲ.

ಎರಡನೆಯ ವಾರ ನನಗೆ ಸಿಕ್ಕಿದ್ದು ಮೂಗಿನ ತುದಿಯ ತಂಪು,
ಆಮೇಲೆ ಸೊಂಟದ ನೋವು,
ಆಮೇಲೆ ಬೆಕ್ಕಿಗೆ ಊಟ ಮುಗಿದಿದೆ ಎಂಬುದು.
ಮೂರನೆಯ ವಾರ ಪ್ರಿಸ್ತುಪ ಗೊರಕೆ ಹೊಡೆದ.
ಯಾರೂ ಎಬ್ಬಿಸಲಿಲ್ಲ.
ಅವನು ನಿದ್ದೆ ಕಂಡು ಎಷ್ಟು ದಿನವಾಯಿತೆಂದು
ಅವನ ಹೆಂಡತಿಯನ್ನು ಕೇಳಬೇಕು.
ನಾಲ್ಕನೆಯದು ನಡೆಯಲಿಲ್ಲ.
ಮನಿಟೋಬಾ ಅವೆನ್ಯೂದಲ್ಲಿ ಮೂರಂತಸ್ತಿನ ಹಳೆ ಮನೆ.
ಬೆಂಕಿಗೆ ಬಿಟ್ಟ ನೀರು ಮೆಟ್ಟಿಲ ಮೇಲೆ ಗಡ್ಡೆಗಟ್ಟಿತು.
ಠಾಣೆಗೆ ಬಂದು ಕೋಟು ಬಿಚ್ಚಿದರೆ
ಕೋಟೇ ನಿಂತುಕೊಂಡಿತು, ತೋಳು ಅಗಲಿಸಿ,
ನಮ್ಮ ಹಾಗೆಯೇ,
ಒಳಗೆ ಯಾರೂ ಇಲ್ಲದೆ.

ಐದನೆಯ ವಾರ ಲೆಯೋನ್ಸ್.
ಕಿಟಕಿಯ ಪಕ್ಕದ ಕುರ್ಚಿ, ಮುಚ್ಚಿದ ಬಾಯಿ,
ಇಪ್ಪತ್ತೆರಡು ವರ್ಷ ಉಸಿರೆತ್ತಿದವನಲ್ಲ
ಮನೆಯಲ್ಲೂ, ಬಾರಿನಲ್ಲೂ.
ಥೋರಾ ಕೇಳಿದ್ದು ಇಷ್ಟೇ: "ಉಸಿರು ಎಲ್ಲಿ ತಡೆಯುತ್ತದೆ?"
ಬಹಳ ಹೊತ್ತು ಹುಡುಕಿದ.
ಕೈ ಗಂಟಲಿಗೆ ಹೋಯಿತು, ಎದೆಗೆ ಬಂತು,
ಅಂಗಿಯ ಎರಡನೆಯ ಗುಂಡಿಯ ಮೇಲೆ ನಿಂತಿತು.
"ಇಲ್ಲಿ," ಅಂದ.
ಆಮೇಲೆ ಒಂದು ಬೀದಿಯ ಹೆಸರು ಉಸಿರಿದ.
ಮನೆಯ ನಂಬರು.
ಮತ್ತೇನೂ ಇಲ್ಲ.

ನಮ್ಮಲ್ಲಿ ನಾಲ್ವರು ಅಂದು ಆ ಮನೆಗೆ ಹೋಗಿದ್ದವರು.
ನಾಲ್ವರ ಕೈಯೂ ಅದೇ ಗುಂಡಿಗೆ ಹೋಯಿತು.
ಯಾರೂ ಯಾರ ಬೆನ್ನೂ ತಟ್ಟಲಿಲ್ಲ.
ರೊಡೇಲಿಯೊ ಎದ್ದು ಕಾಫಿ ಮಾಡಿದ,
ಬಹಳ ಕೆಟ್ಟದಾಗಿ. ಎಲ್ಲರೂ ಕುಡಿದೆವು.

ಏನಾದರೂ ಕಡಿಮೆಯಾಯಿತೇ ಎಂದು
ಕೊನೆಗೊಂದು ಫಾರ್ಮು ಕೊಟ್ಟರು,
ಒಂದರಿಂದ ಹತ್ತು, ಅಂಕಿಗೆ ಸುತ್ತು ಹಾಕಬೇಕು.
ಏಳಕ್ಕೆ ಹಾಕಿದೆ, ಹೊಡೆದು ಆರು ಮಾಡಿದೆ.
ಪಾಳಿಗೆ ಇನ್ನೂ ಇಬ್ಬರು ಕಡಿಮೆ,
ರಾತ್ರಿ ಇನ್ನೂ ಹದಿನಾಲ್ಕು ತಾಸು;
ಅದಕ್ಕೆ ಸುತ್ತು ಹಾಕಲು ಫಾರ್ಮಿನಲ್ಲಿ ಜಾಗವಿರಲಿಲ್ಲ.

ನಿನ್ನೆ ಬೆಳಗಿನ ಜಾವ ಒಂದು ಕರೆ ಮುಗಿಸಿ
ಆಂಬುಲೆನ್ಸಿನ ಹಿಂಬಾಗಿಲು ಹಾಕಿ ನಿಂತೆ.
ರೈಲ್ವೆ ಯಾರ್ಡಿನ ದೀಪದಡಿ
ಬಿಳಿಯದೇನೋ ಹೊರಟು
ಮುಖದ ಮುಂದೆ ತುಸು ತಂಗಿ ಹೋಯಿತು.
ಯಾರದಿದು ಎಂದು ಒಂದು ಗಳಿಗೆ ತಿಳಿಯಲಿಲ್ಲ.
ರೂಢಿಯಂತೆ ಎಣಿಸಿದೆ.
ಏರಿತು. ಕೇಳಿತು. ತಾಗಿತು.
ಹತ್ತು ಸೆಕೆಂಡಿಗೆ ಎರಡು, ಮೂರನೆಯದರ ಅರ್ಧ.
ಹತ್ತಾದ ಮೇಲೂ ನೋಡುತ್ತಲೇ ಇದ್ದೆ,
ರೇಡಿಯೊ ನನ್ನ ನಂಬರು ಕೂಗುವ ತನಕ.