ಕಾರಣ ಉರ್ಮಸ್‌ಗೆ ಗೊತ್ತು

ಕಚ್ಚಿದ್ದು ಎಳ್ಳುಕಾಳಿನಷ್ಟು ಉಣ್ಣಿ,
ತಾರ್ತು ಪಟ್ಟಣದಾಚೆ, ಅಣಬೆ ಹುಡುಕಲು ಹೋದ ಕಾಡಿನಲ್ಲಿ.
ಮೊಣಕಾಲ ಹಿಂದೆ ಕೂತು, ಉಂಡು, ಉಬ್ಬಿ, ಉದುರಿತು.
ಹನ್ನೆರಡು ದಿನಕ್ಕೆ ಜ್ವರ. ಆಮೇಲೆ ಬಿಟ್ಟಿತು.
ಆಮೇಲೆ ಮತ್ತೆ ಬಂತು, ಈ ಸಲ ತಲೆಯೊಳಕ್ಕೆ.

ಎಚ್ಚರಾದಾಗ ನನ್ನ ಹೆಸರು ಇತ್ತು,
ಅಮ್ಮನ ಹೆಸರು ಇತ್ತು, ಬೆಕ್ಕಿನದೂ.
ಹೋದದ್ದು ಬೇರೆ:
ಒಂದರೊಳಗೊಂದು, ಅದರೊಳಗಿನ್ನೊಂದು ಅಂತ
ಏಳು ಡಬ್ಬಿ ತೆರೆದಿಟ್ಟು
ಎಂಟನೆಯದರಲ್ಲಿ ಕೈಯಾಡಿಸುತ್ತಲೇ
ಮೊದಲನೆಯದರ ಮುಚ್ಚಳ ಎಲ್ಲಿಟ್ಟೆನೆಂದು
ನೆನಪಿಡುತ್ತಿದ್ದೆನಲ್ಲ, ಅದು.
ಈಗ ಮೂರನೆಯದು ತೆರೆದರೆ ಮೊದಲನೆಯದಿಲ್ಲ.
ಮುಚ್ಚಳವಲ್ಲ, ಡಬ್ಬಿಯೇ.

ಡಾಕ್ಟರು ಹೇಳಿದರು: ನಡೆಯುತ್ತೀರಿ, ಮಾತಾಡುತ್ತೀರಿ, ಅದೃಷ್ಟವಂತರು.
ಹೌದು ಅಂದೆ. ನಡೆದು ಮನೆಗೆ ಬಂದೆ.

ಪಿಂಚಣಿಯ ಅರ್ಜಿಯನ್ನು ಪರದೆಯ ಮೇಲೆ ತುಂಬಬೇಕು.
ನಾಲ್ಕನೇ ಪುಟ ಮುಟ್ಟುವಷ್ಟರಲ್ಲಿ
"ಅವಧಿ ಮುಗಿದಿದೆ, ಮೊದಲಿನಿಂದ ಆರಂಭಿಸಿ."
ಇಂಥ ಹದಿನೈದು ನಿಮಿಷಗಳನ್ನು
ನಾನೂ ಬರೆದಿದ್ದೇನೆ ಒಂದು ಕಾಲಕ್ಕೆ, ಬೇರೆಯವರಿಗೆ.
ಧಾರಾಳವಾಯಿತು ಅನ್ನಿಸಿತ್ತು.

ಈಗ ಇರುವುದು ವಾರ್ನ್ಯದಲ್ಲಿ, ಪೇಯ್ಪ್ಸಿ ಸರೋವರದ ದಂಡೆಗೆ.
ಬಾಡಿಗೆ ಕಡಿಮೆ. ಬೀದಿ ಒಂದೇ. ದಾರಿ ತಪ್ಪುವ ಹಾಗಿಲ್ಲ.
ಎದುರುಮನೆಯ ಫೆವ್ರೋನ್ಯಾ, ಎಂಬತ್ತರ ಹತ್ತಿರ,
ಎರಡು ಬೆರಳಲ್ಲಿ ಶಿಲುಬೆ ಬರೆಯುವ ಹಳೆಯ ಪಂಥದವಳು,
ಸೆಪ್ಟೆಂಬರಿನಲ್ಲಿ ಈರುಳ್ಳಿ ಜಡೆ ಹೆಣೆಯಲು ಕರೆದಳು.
"ಕೈಗೇನೂ ರೋಗವಿಲ್ಲವಲ್ಲ?"
ಅವಳ ರಷ್ಯನ್ ನನಗೆ ಅರ್ಧ, ನನ್ನ ಎಸ್ಟೋನಿಯನ್ ಅವಳಿಗೆ ಕಾಲು;
ಮಿಕ್ಕದ್ದನ್ನು ಈರುಳ್ಳಿ ನೋಡಿಕೊಂಡಿತು.

ಒಣ ಬಾಲ, ದಾರ, ಸುತ್ತು, ಬಿಗಿ.
ಒಣ ಬಾಲ, ದಾರ, ಸುತ್ತು, ಬಿಗಿ.
ಹಿಂದಿನ ಗಡ್ಡೆಯನ್ನು ನೆನಪಿಡಬೇಕಿಲ್ಲ,
ಕೆಳಗೇ ತೂಗುತ್ತಿರುತ್ತದೆ.

ಇದನ್ನು ನೆಮ್ಮದಿ ಅಂದುಬಿಟ್ಟೀರಿ ಮತ್ತೆ.
ನಾಲ್ಕನೆಯ ಜಡೆಗೆ ತಲೆ ಸಿಡಿದು
ಸಿಪ್ಪೆರಾಶಿಯ ಪಕ್ಕ ಮಲಗುತ್ತೇನೆ, ಕಣ್ಣಿಗೆ ಟವೆಲು ಕಟ್ಟಿ.
ಒಂದೇ ಅನುಕೂಲ:
ಆ ಕೊಟ್ಟಿಗೆಯಲ್ಲಿ ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ.

ನವೆಂಬರಿನಲ್ಲಿ ಕ್ಯಾರ್ತ್ ಫೋನು ಮಾಡಿದಳು,
ನನ್ನ ಕುರ್ಚಿಯಲ್ಲೀಗ ಕೂರುವ ಹುಡುಗಿ.
ಬಸ್‌ಸ್ಟಾಪಿನ ಹಲಗೆಗಳಲ್ಲಿ
"ಇನ್ನು ನಾಲ್ಕು ನಿಮಿಷ" ಅಂತ ಮಿನುಗುತ್ತದಲ್ಲ,
ಆ ಲೆಕ್ಕದಲ್ಲಿ, ರಾತ್ರಿ ಹತ್ತರ ಮೇಲೆ ಮಾತ್ರ,
ಸುಮ್ಮನೆ ಒಂದು ನಿಮಿಷ ಕಳೆದಿದ್ದೀರಿ.
ಪಕ್ಕದಲ್ಲಿ ಬರೆದಿದ್ದೀರಿ:
"ಇದನ್ನು ತೆಗೆಯಬೇಡಿ. ಕಾರಣ ಉರ್ಮಸ್‌ಗೆ ಗೊತ್ತು."
ಕಾರಣ ಏನು, ಉರ್ಮಸ್?

ಕಿಟಕಿಯಾಚೆ ಸರೋವರದ ಅಂಚು ಹೆಪ್ಪುಗಟ್ಟುತ್ತಿತ್ತು.
ಆ ಉರ್ಮಸ್‌ನನ್ನು ಹುಡುಕಿಕೊಂಡು ಒಳಗೆ ಹೋದೆ,
ಒಂದು ಬಾಗಿಲು, ಎರಡು ಬಾಗಿಲು,
ಮೂರನೆಯದರ ಹೊತ್ತಿಗೆ
ಯಾಕೆ ಬಂದೆನೆಂಬುದೇ ತಪ್ಪಿ ನಿಂತುಬಿಟ್ಟೆ.
ಫೋನಿನಲ್ಲಿ ಅವಳ ಉಸಿರು, ಯಾರದೋ ಕೀಲಿಮಣೆಯ ಟಕಟಕ.
"ಗೊತ್ತಿತ್ತು," ಅಂದೆ.

ವಾರ ಬಿಟ್ಟು ಬರೆದಳು: ತೆಗೆದಿಲ್ಲ.
ಪಕ್ಕದ ಸಾಲನ್ನಷ್ಟೇ ತಿದ್ದಿದ್ದೇನೆ:
"ಕಾರಣ ಉರ್ಮಸ್‌ಗೆ ಗೊತ್ತಿತ್ತು. ಇರಲಿ ಬಿಡಿ."

ಡಿಸೆಂಬರಿನ ತಪಾಸಣೆಗೆ ಹೋದವನು
ಅಕ್ಕನ ಮನೆಗೆ ಹೊರಟಾಗ ರಾತ್ರಿ ಹತ್ತೂವರೆ.
ಹೆಗಲಿನಲ್ಲಿ ಅವಳಿಗೆಂದು ಒಂದು ಜಡೆ.
ಹಲಗೆ ಹೇಳಿತು: ಎರಡು ನಿಮಿಷ.
ಗಡ್ಡೆ ತಡವುತ್ತ ಎಣಿಸಿದೆ, ತಪ್ಪಿದೆ, ಮತ್ತೆ ಎಣಿಸಿದೆ.
ಎರಡೂ ಮುಗಿದವು. ಬಸ್ಸಿಲ್ಲ. ಹಿಮ.
ಪಕ್ಕದಲ್ಲಿ ನಿಂತಿದ್ದವನು, ಕೈಯಲ್ಲಿ ಊಟದ ಡಬ್ಬಿ,
ಗಡಿಯಾರ ನೋಡಿ ಹಲಗೆಯನ್ನು ಬೈದ, ಸಣ್ಣ ದನಿಯಲ್ಲಿ, ವಿವರವಾಗಿ.

ಕ್ಷಮಿಸಿ ಅನ್ನಬೇಕೆನಿಸಿತು.
ಯಾವುದಕ್ಕೆಂದು ಹೇಳಲು ತಿಳಿಯದೆ
ಜಡೆಯ ತುದಿಯ ಈರುಳ್ಳಿ ಕಿತ್ತು ಕೊಟ್ಟೆ.

ಅವನು ಅದನ್ನೊಮ್ಮೆ ನೋಡಿ
ಕೋಟಿನ ಜೇಬಿಗೆ ಹಾಕಿಕೊಂಡ.