ಮಣಿ ಕಳೆದು

ಹಿಲ್ಲೂರಿನ ಸೋಮಿ ಗೌಡ ಬಂದದ್ದು
ಬುಧವಾರ ರಾತ್ರಿ, ಕೂತುಕೊಂಡೇ.
ಮಲಗಿದರೆ ಉಸಿರು ಮುಳುಗುತ್ತದೆ,
ಹಾಗಾಗಿ ಅಂಕೋಲೆಯಿಂದ ಕಾರವಾರದ ತನಕ
ಟೆಂಪೋದ ಮುಂದಿನ ಸೀಟಿನಲ್ಲಿ
ಗಾಜಿಗೆ ಹಣೆ ಆನಿಸಿ.

ಇಸಿಜಿಗೆ ಜಾಗ ಬೇಕು. ಎದೆಯ ಮೇಲೆ
ಆರು ಬಟ್ಟಿನಷ್ಟು.
ಅಲ್ಲಿ ಕತ್ತಿನಿಂದ ಹೊಟ್ಟೆಯವರೆಗೂ ಮಣಿ,
ಕರಿದು, ಹಳದಿ, ಕೆಂಪು, ಮತ್ತೆ ಕರಿದು.
"ತೆಗೀರಿ" ಅಂದ ಟೆಕ್ನಿಷಿಯನ್ ಹುಡುಗ.
ಸೋಮಿ ಅವನನ್ನಲ್ಲ, ನನ್ನನ್ನು ನೋಡಿದಳು.

ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತೆ,
ಅವನು ಅಡಿಯಲ್ಲಿ ತಂತಿ ಅಂಟಿಸುವವರೆಗೆ.
ಕಾಗದ ಹೊರಗೆ ಬಂತು. ಒಂದು ಬಡಿತಕ್ಕೂ ಇನ್ನೊಂದಕ್ಕೂ
ಮಾತುಕತೆ ಇಲ್ಲ.
ನನ್ನ ರಟ್ಟೆ ನೋಯುತ್ತಿತ್ತು. ಇಷ್ಟು ಹೊತ್ತುಕೊಂಡು
ಮೇಲೆ ಬದನೆಕಾಯಿ ಬುಟ್ಟಿ ಬೇರೆ,
ನಲವತ್ತು ವರ್ಷ.

ವಾರ್ಡಿನ ಕಿಟಕಿಯಿಂದ ಕಡಲು ಕಾಣುತ್ತದೆ.
ಹೃದಯವೂ ಹಾಗೇ, ಭರತ, ಇಳಿತ ಎಂದು
ಹಣ್ಣು ಹಿಡಿದು ನೋಡಲು ಬಂದವರು ಹೇಳುತ್ತಾರೆ.
ನನಗೆ ಗೊತ್ತಿರುವುದು ಒಂದು ಲೀಟರ್.
ಇಡೀ ದಿನಕ್ಕೆ. ಚಹಾ ಅದರಲ್ಲೇ,
ಗಂಜಿಯ ತಿಳಿ ಅದರಲ್ಲೇ,
ಮಾತ್ರೆ ನುಂಗುವ ಗುಟುಕೂ ಅದರಲ್ಲೇ.

"ಒಂದು ಲೀಟರ್ ಅಂದ್ರೆ ಎಷ್ಟು ಸಿದ್ದೆ ಆತದೆ ತಂಗಿ?"
ಹೇಳಿದೆ. ಚೌಕಾಸಿಗೆ ಕೂತಳು.
"ಹರಿವೆ ಮಾರೂವಾಗ ನಾ ಕೊಸರು ಹಾಕ್ತಿದ್ದೆ.
ನೀ ಎಂತಕ್ಕೆ ಹಾಕೂದಿಲ್ಲ?"
ಹತ್ತಿ ಒದ್ದೆ ಮಾಡಿ ತುಟಿಗೆ ಸವರಿದೆ.
"ಇದೇ ಕೊಸರು" ಅಂದೆ.
"ಜಿಪುಣಿ" ಅಂದಳು.
ಮೂತ್ರದ ಚೀಲ ಬೆಳಕಿಗೆ ಹಿಡಿದು ಓದಿದೆ:
ಏಳುನೂರ ನಲವತ್ತು. ಒಳ್ಳೇ ಬೆಳೆ.

ಶುಕ್ರವಾರ ಎಕೋ. ಅಂದು ತಾನೇ ಮಣಿ ತೆಗೆದು
ಸೆರಗಿನ ತುಂಡಲ್ಲಿ ಕಟ್ಟಿ ದಿಂಬಿನಡಿ ಇಟ್ಟಳು.
ತೂಕ ನಲವತ್ತಾರು ಮುನ್ನೂರು.
ಶನಿವಾರ ನಲವತ್ತಾರು ಒಂಬೈನೂರು.

"ಏರಿದೆ" ಅಂದರು ಡಾಕ್ಟರು, "ಕದ್ದು ಕುಡಿದಿದ್ದಾಳೆ.
ಲ್ಯಾಸಿಕ್ಸ್ ಜಾಸ್ತಿ ಮಾಡಿ."
ಸೋಮಿ ಬಾಯಿ ಬಿಡಲಿಲ್ಲ. ತಕ್ಕಡಿ ಹಿಡಿದು ಬದುಕಿದವಳು
ತೂಕದ ವಿಷಯಕ್ಕೆ ಕಳ್ಳಿಯಾದಳು.

ನಾನು ಅವಳ ಕಾಲ ಬಳಿ ಕೂತು
ಹೆಬ್ಬೆರಳಿಂದ ಒತ್ತಿದೆ, ಬಿಟ್ಟೆ, ಎಣಿಸಿದೆ.
ನಿನ್ನೆ ಆ ಗುಳಿ ತುಂಬಲು ಇಪ್ಪತ್ತಾಗಿತ್ತು.
ಇವತ್ತು ಒಂಬತ್ತಕ್ಕೇ ತುಂಬಿತು.
ಕಾಲು ಒಂದು ಹೇಳುತ್ತದೆ, ಕಾಗದ ಒಂದು.
ತಲೆ ಎತ್ತಿದರೆ
ಕತ್ತಿನ ತುಂಬ ಕರಿದು, ಹಳದಿ, ಕೆಂಪು.

ಕೇಳಿದೆ. ಬಹಳ ಹೊತ್ತಿನ ಮೇಲೆ ಬಿಚ್ಚಿ ಕೊಟ್ಟಳು,
ನಾನು ತಿರುಗಿ ಬರುವವರೆಗೆ
ಬರಿಗತ್ತಿಗೆ ಎರಡೂ ಕೈ ಅಡ್ಡ ಹಿಡಿದು.
ಹೆರಿಗೆ ವಾರ್ಡಿನ ಕೂಸಿನ ತಕ್ಕಡಿಯಲ್ಲಿ ಇಟ್ಟೆ.
ಒಂದು ಕಿಲೋ ನೂರೈವತ್ತು.
"ಪಾಪ, ದಿನ ತುಂಬಲಿಲ್ಲ" ಅಂದಳು
ಅಲ್ಲಿಯ ಸಿಸ್ಟರ್ ರೆಮೆಡಿನ್, ನಗದೇ.

ಏರಿದ್ದಲ್ಲ. ಐನೂರೈವತ್ತು ಗ್ರಾಂ ಇಳಿದಿದ್ದು.
ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ ಸಹಿ ಮಾಡಿದರು,
ಏನೂ ಅನ್ನಲಿಲ್ಲ.
ಚಾರ್ಟಿನ ಅಂಚಿಗೆ ಸ್ಕೇಲಿಟ್ಟು
ಒಂದು ಹೊಸ ಕಲಂ ಎಳೆದೆ.
ನೀರು ಒಳಗೆ, ನೀರು ಹೊರಗೆ, ನಾಡಿ, ಬಿಪಿ, ಮಣಿ.
ರಾತ್ರಿ ಪಾಳಿಯವಳು ಫೋನ್ ಮಾಡಿ ಕೇಳಿದಳು,
ಇದು ಯಾವ ಟೆಸ್ಟು ಅಂತ.

ನಾಲ್ಕು ತಿಂಗಳ ಮೇಲೆ ಮತ್ತೆ ಬಂದಳು, ಕಾಲು ಊದಿ,
ಹೇಳಿದ ಮಾತ್ರೆ ಅರ್ಧ ನುಂಗಿ ಅರ್ಧ ಉಳಿಸಿ.
ತೂಕದ ಮೇಲೆ ಹತ್ತಿ ನಿಂತವಳೇ
ಹೊಸ ಹುಡುಗಿಗೆ ಅಪ್ಪಣೆ:
"ಒಂದು ಕಿಲೋ ನೂರೈವತ್ತು ಕಳ್ದು ಬರ್ಕ."
ಹುಡುಗಿ ನನ್ನತ್ತ ನೋಡಿದಳು.

ನಾನು ಸೋಮಿಯ ಕತ್ತು ನೋಡುತ್ತಿದ್ದೆ.
ಹಸಿರು. ಅದು ಹಿಂದಿನ ಸಲ ಇರಲಿಲ್ಲ.
"ಮೊಮ್ಮಗಳು ಪೋಣ್ಸಿದ್ದು" ಅಂದಳು,
ಸಿಕ್ಕಿಬಿದ್ದವರ ದನಿಯಲ್ಲಿ.

ಕೈ ಚಾಚಿದೆ.
ಕೂಸಿನ ತಕ್ಕಡಿ ಖಾಲಿ ಇದೆಯೋ
ನೋಡಿ ಬಾ ಎಂದೆ ಹುಡುಗಿಗೆ.